ಕುದುರೆಯ ಕಾಲ ಕೆಳಗಿನ ಹಲಗೆ

ಕಳೆದ ಮಾಘಮಾಸದಲ್ಲಿ ನಮ್ಮ ಬಳಗದ ಹಿರಿಯ ಸದಸ್ಯರೊಬ್ಬರ ಮಗನ ಮದುವೆ ಪುಣೆಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ವರನು ಕುದುರೆಯೇರಿ ಬರಬೇಕೆಂಬುದು ಮನೆಯ ಕಿರಿಯರ ಆಸೆ. ಕಾಶೀಯಾತ್ರೆಗೆ ಒಂದು ಕೊಡೆ, ಒಂದು ಬೆತ್ತ, ಒಂದು ಜೊತೆ ಪಾದುಕೆ ಇದ್ದರೆ ಸಾಕೆಂದುಕೊಂಡು ಬೆಳೆದ ನಾವು ಮೊದಲು ನಕ್ಕೆವು, ಆಮೇಲೆ ಒಪ್ಪಿದೆವು. ಪರಸ್ಥಳದಲ್ಲಿ ಮೂರು ನಾಲ್ಕು ದಶಕ ಕಳೆದವರು ಅಲ್ಲಿಯ ಪದ್ಧತಿಗಳಲ್ಲಿ ಒಂದೆರಡನ್ನಾದರೂ ಮನೆಯೊಳಗೆ ಬಿಟ್ಟುಕೊಳ್ಳಲೇಬೇಕಷ್ಟೆ. ಕುದುರೆಯವನನ್ನು ಹುಡುಕಿ ಬಾಡಿಗೆ ಗೊತ್ತುಮಾಡಿದವರೂ ನಾವೇ.

ಕುದುರೆ ಬಂದದ್ದು ಒಂದು ಸಣ್ಣ ಸರಕು ಟೆಂಪೊದಲ್ಲಿ. ಬಿಳಿಯ ಹೆಣ್ಣು ಕುದುರೆ, ಕೊರಳಿಗೆ ಗೆಜ್ಜೆ, ಹಣೆಗೆ ಕನ್ನಡಿಯ ಪದಕ. ಟೆಂಪೊದ ತಳ ಬರಿಯ ಕಬ್ಬಿಣದ ತಗಡು. ಅದರ ಮೇಲೆ ಎರಡು ಹರಿದ ಗೋಣಿಚೀಲ, ಒಂದಿಷ್ಟು ಹುಲ್ಲು, ಹುಲ್ಲಿನ ಕೆಳಗೆ ದಾರಿಯಲ್ಲಿ ಹಾಕಿದ ಲದ್ದಿ. ಹಿಂಬಾಗಿಲನ್ನು ಇಳಿಸಿ, ಕಾರ್ಯಾಲಯದ ಅಂಗಳದ ಅಂಚಿನಲ್ಲಿದ್ದ ಮಣ್ಣಿನ ದಿಬ್ಬಕ್ಕೆ ಅದನ್ನು ತಾಗಿಸಿ ಕುದುರೆಯನ್ನು ಹೊರಗೆ ತಿರುಗಿಸುವಾಗ ಗೋಣಿ ಜಾರಿತು. ಹಿಂಗಾಲೆರಡೂ ಒಮ್ಮೆಗೇ ಮುಂದಕ್ಕೆ ಸರಿದು ಕುದುರೆ ನಾಯಿಯಂತೆ ಕುಳಿತುಬಿಟ್ಟಿತು. ಏಳಲು ಒದ್ದಾಡಿದಾಗ ಒಂದು ಕಾಲು ತಳಕ್ಕೂ ಬಾಗಿಲಿಗೂ ನಡುವಿನ ಸಂದಿಗೆ ಸಿಕ್ಕಿತು. ಮೂವರು ಸೇರಿ ಬಿಡಿಸುವ ಹೊತ್ತಿಗೆ ಹಿಂಗಾಲಿನ ಮಂಡಿಯಿಂದ ಕೆಳಗೆ ಒಂದು ಗೇಣು ಚರ್ಮ ಸುಲಿದುಹೋಗಿತ್ತು. ಬ್ಯಾಂಡಿನವರು ಏನೂ ತಿಳಿಯದೆ ನುಡಿಸುತ್ತಲೇ ಇದ್ದರು. ವರನು ನಡೆದೇ ಬಂದ. ಕುದುರೆ ಅದೇ ಟೆಂಪೊದಲ್ಲಿ, ಅದೇ ಗೋಣಿಯ ಮೇಲೆ ಹಿಂದಿರುಗಿತು. ನಾವು ಊಟಕ್ಕೆ ಕುಳಿತೆವು.

ಕುದುರೆಯವನನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬಾಡಿಗೆ ಮಾತಾಡುವಾಗ ನಾವು ಕೇಳಿದ ಪ್ರಶ್ನೆಗಳು ಈಗಲೂ ನೆನಪಿವೆ: ಬಿಳಿಯದೇ ತಾನೆ? ಪಟಾಕಿಗೆ ಹೆದರುವುದಿಲ್ಲವಷ್ಟೆ? ಛತ್ರಿ ನಿಮ್ಮದೋ, ನಾವು ತರಬೇಕೋ? ಯಾವುದರಲ್ಲಿ ತರುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅದು ಎಷ್ಟು ಹೊತ್ತಿಗೆ ತಲುಪೀತು ಎಂಬ ಲೆಕ್ಕಕ್ಕಾಗಿ ಕೇಳುತ್ತಿದ್ದೆವು. ಕುದುರೆಯನ್ನು ಒಯ್ಯುವ ವಾಹನದಲ್ಲಿ ಮೊದಲ ಹಣವೂ ಮೊದಲ ನೋಟವೂ ಸಲ್ಲಬೇಕಾದದ್ದು ಅದರ ತಳಕ್ಕೆ ಎಂಬುದು ನಮಗೆ ಆಮೇಲೆ ತಿಳಿದುಬಂದ ಮಾತು. ಹಣ ಕೊಡುವವರಾರೂ ನೋಡದೆ ಬಿಡುವುದೂ ಆ ತಳವನ್ನೇ.

ನಮ್ಮ ದೇಶದಲ್ಲಿ ಕುದುರೆಯನ್ನು ನೋಡುವ ಶಾಸ್ತ್ರಕ್ಕೇನೂ ಕೊರತೆಯಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದುಬಂದ ಅಶ್ವಶಾಸ್ತ್ರವೇ ಒಂದು ದೊಡ್ಡ ಪರಂಪರೆ. ಹಣೆಯ ಸುಳಿ ಎಲ್ಲಿದೆ, ಕೊರಳ ಸುಳಿ ಯಾವ ಕಡೆಗೆ ತಿರುಗಿದೆ, ಅದು ಯಜಮಾನನಿಗೆ ಶುಭವೋ ಅಶುಭವೋ ಎಂದು ಈಗಲೂ ಕುದುರೆ ಸಂತೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ನಂದುರಬಾರ ಜಿಲ್ಲೆಯ ಸಾರಂಗಖೇಡದಲ್ಲಿ ದತ್ತ ಜಯಂತಿಯ ಹೊತ್ತಿಗೆ ನೆರೆಯುವ ಜಾತ್ರೆ ಮಹಾರಾಷ್ಟ್ರದಲ್ಲಿ ಹೆಸರಾದದ್ದು. ಅಂಥ ಜಾತ್ರೆಯಲ್ಲಿ ಲಕ್ಷಗಟ್ಟಲೆ ಬೆಲೆಗೆ ಕೊಂಡ ಕುದುರೆಯನ್ನು ಸಂಜೆ ಏರಿಸುವ ಲಾರಿ, ಬೆಳಗ್ಗೆ ಈರುಳ್ಳಿ ಇಳಿಸಿ ಬಂದದ್ದಾಗಿರಬಹುದು. ಸುಳಿ ನೋಡಿದ ಕಣ್ಣು ಆ ಲಾರಿಯ ಹಲಗೆಯನ್ನು ನೋಡುವುದಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ನಾವು ಸೋಮಾರಿಗಳ ಮೇಲೆ ಪ್ರಯೋಗಿಸುತ್ತ ಬಂದಿದ್ದೇವೆ. ಕಾಲುನೋವು ಕುದುರೆಯದೂ ಆಗಿರಬಹುದೆಂದು ಹೊಳೆದದ್ದು ಆ ಮದುವೆಯ ದಿನ.

ಚಲಿಸುವ ವಾಹನದೊಳಗೆ ಕುದುರೆ ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತು ಹೋಗುವ ನಮಗೆ ಹಿಡಿದುಕೊಳ್ಳಲು ತಲೆಯ ಮೇಲೊಂದು ಹಿಡಿ ಇರುತ್ತದೆ. ಮುಂದೆ ಯಾವ ನಿಲ್ದಾಣ, ಗಾಡಿ ಯಾವಾಗ ನಿಧಾನಿಸುತ್ತದೆ ಎಂಬ ಅರಿವೂ ಇರುತ್ತದೆ. ಕುದುರೆಗೆ ಈ ಎರಡೂ ಇಲ್ಲ. ತಿರುವು ಬರುವುದು ಅದಕ್ಕೆ ಕಾಣದು. ಚಾಲಕ ಬ್ರೇಕು ಒತ್ತುವುದು ಮೈ ಮುಂದಕ್ಕೆ ಎಸೆದ ಮೇಲೆಯೇ ತಿಳಿಯುವುದು. ಆದ್ದರಿಂದ ಅದು ಕಾಲುಗಳನ್ನು ಅಗಲಿಸಿ, ತಲೆಯನ್ನು ಏರಿಳಿಸಿ, ಪ್ರತಿ ಅಲುಗಾಟಕ್ಕೂ ಒಂದೊಂದು ಗೊರಸನ್ನು ಸರಿಸಿ ಸಮತೋಲ ಕಾಯ್ದುಕೊಳ್ಳುತ್ತದೆ. ನಾವು ಕುಳಿತು ಮಾಡುವ ಪ್ರಯಾಣ ಅದಕ್ಕೆ ಎಡೆಬಿಡದ ದುಡಿಮೆ. ನೆಲ ಕಾಲನ್ನು ಹಿಡಿಯದಿದ್ದರೆ ಈ ದುಡಿಮೆ ಇಮ್ಮಡಿಯಾಗುತ್ತದೆ. ಒಮ್ಮೆ ಜಾರಿದ ಕುದುರೆ ಮರುಸಲ ವಾಹನ ಹತ್ತಲು ಒಲ್ಲೆನೆನ್ನುತ್ತದೆ. ಆಗ ಅದನ್ನು ಹಟಮಾರಿ ಎಂದು ಕರೆದು ಬೆತ್ತ ತೆಗೆಯುತ್ತಾರೆ.

ತೂಕದ ಲೆಕ್ಕವನ್ನೂ ನೋಡಬೇಕು. ಮದುವೆಯ ಕುದುರೆ ಸುಮಾರು 400 ಕಿಲೋ, ರೇಸಿನ ಕುದುರೆ 450ರಿಂದ 550 ಕಿಲೋ ತೂಗುತ್ತದೆ. 450 ಕಿಲೋ ಎಂದರೆ ಒಂಬತ್ತು ಸಿಮೆಂಟು ಚೀಲ. ಒಂಬತ್ತು ಚೀಲವನ್ನು ಯಾವ ಟೆಂಪೊ ಆದರೂ ಹೊರುತ್ತದೆ, ಇದೇನು ಮಹಾ ಎನ್ನಬಹುದು. ಆದರೆ ಚೀಲಗಳ ಭಾರ ತಳದ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ; ಕುದುರೆಯ ಭಾರ ಅಂಗೈಯಗಲದ ನಾಲ್ಕು ಗೊರಸುಗಳ ಮೇಲೆ ನಿಲ್ಲುತ್ತದೆ. ಸುಮ್ಮನೆ ನಿಂತಾಗಲೂ ಆ ಭಾರದ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಇರುತ್ತದೆ. ಬ್ರೇಕು ಬಿದ್ದಾಗ, ಒಂದು ಕಾಲು ಎತ್ತಿ ಇಟ್ಟಾಗ, ಉಳಿದ ಗೊರಸಿನ ಕೆಳಗಿನ ಆ ಒಂದು ಹಲಗೆ ಹೊರುವ ಹೊರೆ ಎಷ್ಟೆಂದು ಓದುಗರೇ ಊಹಿಸಬಹುದು. ಸಿಮೆಂಟು ಚೀಲ ಕಾಲು ಬಡಿಯುವುದೂ ಇಲ್ಲ, ಮೂತ್ರ ಮಾಡುವುದೂ ಇಲ್ಲ. ಸರಕಿಗೆಂದು ಕಟ್ಟಿದ ತಳ ಕುದುರೆಗೆ ಸಾಕು ಎಂಬ ವಾದವನ್ನು ನಾವು ಒಪ್ಪದಿರುವುದು ಇದಕ್ಕಾಗಿ.

ಕಬ್ಬಿಣದ ತಗಡಿನ ತಳವೇ ನಮ್ಮ ಕಡೆ ಹೆಚ್ಚು. ಅದು ಅಗ್ಗ, ತೊಳೆಯುವುದು ಸುಲಭ, ಬೆಸುಗೆ ಹಾಕಿದರೆ ರಿಪೇರಿ ಮುಗಿಯಿತು. ಆದರೆ ಅದರ ಮೇಲೆ ಕಬ್ಬಿಣದ ಲಾಳ ಬಿದ್ದರೆ ಹಿಡಿತವೆಂಬುದೇ ಇರುವುದಿಲ್ಲ. ಮೂತ್ರ ಬಿದ್ದ ಮೇಲಂತೂ ಅದು ಪಾಚಿಗಟ್ಟಿದ ಬಾವಿಕಟ್ಟೆಯಂತೆ. ಚೌಕುಳಿ ಉಬ್ಬುಗಳಿರುವ ಚೆಕ್ಕರ್ ಪ್ಲೇಟು ಮನುಷ್ಯರ ಚಪ್ಪಲಿಗೆ ಹಿಡಿತ ಕೊಟ್ಟೀತು, ಲಾಳಕ್ಕೆ ಅಷ್ಟಾಗಿ ಕೊಡದು; ನಾಲ್ಕು ವರ್ಷ ಸವೆದ ಮೇಲೆ ಆ ಉಬ್ಬುಗಳೂ ನುಣುಪಾಗುತ್ತವೆ. ಸದ್ದಿನ ಮಾತು ಬೇರೆ. ಪ್ರತಿ ಹೆಜ್ಜೆಗೂ ತಗಡು ಗುಡುಗುತ್ತದೆ, ಕುದುರೆ ಆ ಸದ್ದಿಗೇ ಬೆದರಿ ಇನ್ನೊಂದು ಹೆಜ್ಜೆ ಹಾಕುತ್ತದೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ದಖ್ಖನದ ಡಾಂಬರು ರಸ್ತೆಯ ಮೇಲೆ ಎರಡು ಗಂಟೆ ಓಡಿದ ತಗಡು ಎಷ್ಟು ಕಾಯುತ್ತದೆಂದು ತಿಳಿಯಬೇಕಾದರೆ ಬರಿಗಾಲಿನಲ್ಲಿ ಒಮ್ಮೆ ಹತ್ತಿ ನಿಲ್ಲಬೇಕು. ಎಂಜಿನ್ನಿನ ಹೊಗೆಕೊಳವೆ ಕೆಳಗೇ ಹಾದುಹೋಗಿದ್ದರೆ ಆ ಜಾಗ ಇನ್ನೂ ಬಿಸಿ.

ಅಲ್ಯೂಮಿನಿಯಮ್ ಈಚಿನ ಷೋಕಿ. ಹಗುರ, ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿ ಮಾರುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಹೌದು. ಆದರೆ ಮೂತ್ರದಲ್ಲಿರುವ ಲವಣ ಮತ್ತು ಅಮೋನಿಯಾ ಅದನ್ನು ಬೇರೆ ರೀತಿಯಲ್ಲಿ ತಿನ್ನುತ್ತವೆ. ಮೊದಲು ಬಿಳಿಯ ಪುಡಿ, ಆಮೇಲೆ ಸೂಜಿಮೊನೆಯಷ್ಟು ಗುಳಿಗಳು, ಆಮೇಲೆ ತೂತು. ಅಲ್ಯೂಮಿನಿಯಮ್ ಹಲಗೆ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಕುಳಿತಿದ್ದರೆ ಕೆಡುಕು ಇನ್ನೂ ಬೇಗ, ಏಕೆಂದರೆ ಎರಡು ಬೇರೆ ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿದಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಮೇಲೆ ನೋಡಿದರೆ ಹೊಳೆಯುತ್ತಲೇ ಇರುತ್ತದೆ.

ನಮ್ಮ ಒಲವು ಮರದ ಕಡೆಗೆ. ಹಳಬರಾದ ಕಾರಣ ಹಳತನ್ನು ಹೊಗಳುತ್ತಿದ್ದೇವೆಂದು ಕಿರಿಯ ಸದಸ್ಯರು ಆಕ್ಷೇಪಿಸಬಹುದು. ಮರಕ್ಕೆ ಕೆಲವು ಗುಣಗಳಿವೆ: ಭಾರ ಬಿದ್ದಾಗ ಕೂದಲೆಳೆಯಷ್ಟು ಬಾಗಿ ರಸ್ತೆಯ ಹೊಡೆತವನ್ನು ತಾನು ನುಂಗುತ್ತದೆ, ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ, ಸದ್ದು ಕಡಿಮೆ. ಸಾಲ, ಮತ್ತಿ ಇಂಥ ಗಟ್ಟಿ ಮರದ ದಪ್ಪ ಹಲಗೆ, ನಡುವೆ ಗಂಟುಗಳಿಲ್ಲದ್ದು, ಕೆಳಗೆ ಒತ್ತೊತ್ತಾಗಿ ಅಡ್ಡಪಟ್ಟಿಗಳಿರುವುದು, ಹಲಗೆಗಳ ನಡುವೆ ನೀರು ಇಳಿಯುವಷ್ಟು ಮಾತ್ರ ಸಂದಿ ಇರುವುದು, ಇಷ್ಟಿದ್ದರೆ ಅದು ಬಹುಕಾಲ ಬಾಳುತ್ತದೆ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಜಲನಿರೋಧಕ ಪ್ಲೈವುಡ್ಡಿನ ದೊಡ್ಡ ಹಾಳೆ ಹಾಸುವುದೂ ರೂಢಿಯಲ್ಲಿದೆ. ಅದರ ಅಂಚುಗಳಿಗೆ ನೀರು ಹೊಕ್ಕು ಪದರಗಳು ಬಿಟ್ಟುಕೊಂಡರೆ ಮೇಲಿನ ಪದರ ಮಾತ್ರ ಗಟ್ಟಿಯಾಗಿ ಕಾಣುತ್ತ ಒಳಗೆಲ್ಲ ಟೊಳ್ಳಾಗುವುದರಿಂದ ನಮಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ.

ಆದರೆ ಒದ್ದೆಯಾದ ಬರಿಯ ಮರವೂ ಜಾರುತ್ತದೆ. ಅದರ ಮೇಲೆ ರಬ್ಬರ್ ಬೇಕೇ ಬೇಕು. ಇದಕ್ಕೆ ವಿದೇಶದಿಂದ ಏನನ್ನೂ ತರಿಸಬೇಕಿಲ್ಲ. ಕರ್ನಾಟಕದ ಹಾಲಿನ ಡೈರಿಯ ಊರುಗಳಲ್ಲಿ ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟನ್ನು ನೋಡದವರು ಯಾರಿದ್ದಾರೆ? ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪಂದಿರ ಕೊಟ್ಟಿಗೆಯಲ್ಲಿ ನಾವೇ ಅದನ್ನು ಎತ್ತಿ ತೊಳೆದಿದ್ದೇವೆ. ಮೇಲ್ಮೈ ಒರಟು, ಕೆಳಮೈಯಲ್ಲಿ ನೀರು ಹರಿಯಲು ಗೀರುಗಳು, ಇಬ್ಬರು ಹಿಡಿದರೆ ಏಳುವಷ್ಟು ತೂಕ. ಅದನ್ನೇ ವಾಹನದ ಅಳತೆಗೆ ಸರಿಯಾಗಿ, ಗೋಡೆಯಿಂದ ಗೋಡೆಗೆ ಸಂದಿಯಿಲ್ಲದಂತೆ ಕತ್ತರಿಸಿ ಹಾಸಿದರೆ ತನ್ನ ತೂಕಕ್ಕೇ ನಿಲ್ಲುತ್ತದೆ. ಕಾರ್ಖಾನೆಗಳಿಂದ ಬರುವ ಹಳೆಯ ಕನ್ವೇಯರ್ ಬೆಲ್ಟಿನ ತುಂಡನ್ನು ಹಾಸುವವರಿದ್ದಾರೆ. ಅದು ಗಟ್ಟಿ, ಅಗ್ಗ, ನಿಜ. ಆದರೆ ಸವೆದು ನುಣುಪಾದದ್ದು, ಒದ್ದೆಯಾದರೆ ತಗಡಿಗಿಂತ ಎಷ್ಟೋ ಮೇಲು ಎನ್ನುವಂತಿಲ್ಲ. ಇನ್ನು ಗೋಣಿ, ತಾಡಪಾಲು, ಹಳೆಯ ಜಮಖಾನ ಇವು ಹಾಸದೆ ಇರುವುದಕ್ಕಿಂತ ಕೆಟ್ಟವು. ಬರಿಯ ತಗಡಿನ ಮೇಲೆ ಕುದುರೆ ಹೆಜ್ಜೆಯನ್ನು ಅನುಮಾನಿಸಿ ಇಡುತ್ತದೆ. ಗೋಣಿಯನ್ನು ನಂಬಿ ಇಡುತ್ತದೆ, ಗೋಣಿಯೇ ಸರಿದುಹೋಗುತ್ತದೆ. ನಮ್ಮ ಕಣ್ಣೆದುರು ಆದದ್ದು ಅದೇ.

ರಬ್ಬರಿನ ಮೇಲೆ ಒಂದಿಷ್ಟು ಮರದ ಹೊಟ್ಟೋ ಭತ್ತದ ಹುಲ್ಲೋ ಇರಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಗಟ್ಟಿ ನೆಲದ ಮೇಲೆ ಮೂತ್ರ ಮಾಡಲು ಕುದುರೆಗಳು ಹಿಂಜರಿಯುತ್ತವೆ, ಕಾಲಿಗೆ ಸಿಡಿಯುತ್ತದೆಂದು. ದೂರದ ಪ್ರಯಾಣದಲ್ಲಿ ಗಂಟೆಗಟ್ಟಲೆ ಕಟ್ಟಿಕೊಂಡೇ ನಿಂತಿರುತ್ತವೆ. ಹೊಟ್ಟಿನ ಧೂಳು ಮೂಗಿಗೆ ಹೋಗದಂತೆ ಸ್ವಲ್ಪ ನೀರು ಚಿಮುಕಿಸಿದರಾಯಿತು. ಆದರೆ ರಬ್ಬರಿಲ್ಲದೆ ತಗಡಿನ ಮೇಲೆ ಬರಿಯ ಹುಲ್ಲು ಹಾಸುವುದೂ ಗೋಣಿ ಹಾಸುವುದೂ ಒಂದೇ.

ಕಾನೂನು ಈ ಬಗ್ಗೆ ಮೂಕವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 1978ರಲ್ಲಿ ಬಂದ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳಿಗೇ ಒಂದು ಅಧ್ಯಾಯವಿದೆ. ಸಾಧಾರಣ ಸರಕು ವಾಹನದಲ್ಲಿ ಒಯ್ಯುವುದಾದರೆ ತಳದಲ್ಲಿ ಜಾರದಂಥ ಹಾಸು ಇರಬೇಕು, ಎರಡು ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರಿನ ಗಳ ಕಟ್ಟಬೇಕು, ಎದುರು ಬರುವ ವಾಹನಗಳಿಗೆ ಬೆದರದಂತೆ ಕುದುರೆಗಳ ತಲೆ ಎಡಕ್ಕೆ ಇರಬೇಕು, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು ಎಂದೆಲ್ಲ ಅದು ಹೇಳುತ್ತದೆ. ಬರೆದವರು ಕುದುರೆಯನ್ನು ಬಲ್ಲವರೇ ಇರಬೇಕು. ಆದರೆ ಮುಂಬಯಿ ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 35ರ ವೇಗದಲ್ಲಿ ಹೋಗುವ ವಾಹನವನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಹಾಗೆ ಹೋದರೆ ಹಿಂದಿನಿಂದ ಬಂದು ಗುದ್ದುವ ಭಯ ಬೇರೆ. ವೇಗ ಏರಿದಷ್ಟೂ ಬ್ರೇಕಿನ ಎಳೆತ ಏರುತ್ತದೆ, ಬ್ರೇಕಿನ ಎಳೆತ ಏರಿದಷ್ಟೂ ತಳದ ಹಿಡಿತ ಹೆಚ್ಚಬೇಕಾಗುತ್ತದೆ. ನಿಯಮದ ಒಂದು ಭಾಗವನ್ನು ಕಾಲ ಸವೆಸಿಹಾಕಿರುವುದರಿಂದಲೇ ಇನ್ನೊಂದು ಭಾಗವನ್ನು ಬಿಗಿಯಾಗಿ ಹಿಡಿಯಬೇಕು.

ಈ ಜಾರದ ಹಾಸಿನ ಮಾತಿನಲ್ಲೇ ಒಂದು ಅಪಾಯವೂ ಅಡಗಿದೆ. ಮೇಲಿನ ಹಾಸು ಜಾರುವುದಿಲ್ಲ ಎಂದು ನೋಡಿ ತೃಪ್ತರಾದವರು ಅದರ ಕೆಳಗಿನದನ್ನು ಮರೆಯುತ್ತಾರೆ.

ನಮ್ಮ ಬಳಗದಲ್ಲಿ ಲಾರಿಗೆ ಬಾಡಿ ಕಟ್ಟುವ ವರ್ಕ್‌ಷಾಪಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಮಾಮ ಎಂದೇ ಕರೆಯುವುದು. ಮದುವೆಯಾದ ಮರುವಾರ ಕುದುರೆಯವನನ್ನು ನೋಡಿ, ಗಾಯದ ಮದ್ದಿನ ಖರ್ಚು ಕೊಟ್ಟು ಬರಲು ಹೋದಾಗ ಅವರೂ ಜೊತೆಗೆ ಬಂದರು. ಕುದುರೆಯವ ಚಹಾ ತರಿಸಿ, “ಹೊಸ ಮ್ಯಾಟು ಹಾಕಿಸುತ್ತೇನೆ ಕಾಕಾ, ನಾಳೆಯೇ” ಎಂದ. ಮಾಮ ಚಹಾ ಮುಟ್ಟದೆ, ಪಂಚೆ ಎತ್ತಿಕಟ್ಟಿ, ಒಂದು ಹಳೆಯ ಪತ್ರಿಕೆ ಹಾಸಿಕೊಂಡು ಟೆಂಪೊದ ಕೆಳಗೆ ಮಲಗಿದರು. ಎಪ್ಪತ್ತೆರಡರ ಮನುಷ್ಯ. ಒಳಗಿನಿಂದಲೇ, “ಒಂದು ಸ್ಕ್ರೂಡ್ರೈವರ್ ಕೊಡಪ್ಪಾ” ಎಂದು ಕೈ ಚಾಚಿದರು. ಆಮೇಲೆ ಕೇಳಿದ್ದು ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು, ಒಂದು ಕಡೆ ಟಣ್ ಎಂದು, ಇನ್ನೊಂದು ಕಡೆ ಡಬ್ ಎಂದು. ಹೊರಗೆ ಬಂದಾಗ ಅವರ ಭುಜದ ಮೇಲೆಲ್ಲ ತುಕ್ಕಿನ ಹೊಪ್ಪಳಿಕೆ. “ಮ್ಯಾಟು ಆಮೇಲೆ. ಹಿಂದಿನ ಎರಡು ಪಟ್ಟಿ ಮೊದಲು” ಎಂದರು. ತಗಡನ್ನು ಹೊತ್ತಿದ್ದ ಅಡ್ಡಪಟ್ಟಿಗಳಲ್ಲಿ ಹಿಂಬದಿಯವೆರಡು ಬೆಸುಗೆಯ ಬಳಿ ಅರ್ಧಕ್ಕರ್ಧ ತಿಂದುಹೋಗಿದ್ದವು. ಮೂತ್ರ ಹರಿದು ನಿಲ್ಲುವುದು ಹಿಂಬದಿಯಲ್ಲೇ.

ಅಂದು ಅವರು ಹೇಳಿದ್ದನ್ನು ಆಮೇಲೆ ಬೇರೆ ಕುದುರೆಯವರಿಂದಲೂ, ಒಬ್ಬ ಪಶುವೈದ್ಯರಿಂದಲೂ ಕೇಳಿ ಖಚಿತಪಡಿಸಿಕೊಂಡಿದ್ದೇವೆ. ತಳ ಕೆಡುವುದು ಕೆಳಗಿನಿಂದ, ಅಂಚುಗಳಿಂದ, ಚಾಪೆಗಳು ಕೂಡುವ ಗೆರೆಯಿಂದ. ಮೇಲಿನಿಂದ ನೋಡಿ ಪ್ರಯೋಜನವಿಲ್ಲ. ಮರವಾದರೆ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿ ನೋಡಬೇಕು. ಬೆಣ್ಣೆಗೆ ಹೊಕ್ಕಂತೆ ಹೊಕ್ಕರೆ ಆ ಹಲಗೆಯ ಆಯುಷ್ಯ ಮುಗಿದಿದೆ. ಕಬ್ಬಿಣದ ಪಟ್ಟಿಯಾದರೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು. ಅಲ್ಯೂಮಿನಿಯಮ್ಮಾದರೆ ಬೆಸುಗೆಗಳ ಬಳಿ ಬಿರುಕು ಹುಡುಕಬೇಕು. ಬಣ್ಣ ಬಳಿದಿದ್ದರೆ ಇನ್ನೂ ಅನುಮಾನದಿಂದ ನೋಡಬೇಕು. ಚಾಪೆಯನ್ನು ಎಂದೂ ಗೋಂದು ಹಾಕಿ ಅಂಟಿಸಬಾರದು. ಅಂಟಿಸಿದ ಚಾಪೆಯ ಕೆಳಗೆ ಮೂತ್ರ ಇಳಿಯುವುದೇನೂ ತಪ್ಪದು, ಅದು ಆರುವುದು ಮಾತ್ರ ತಪ್ಪುತ್ತದೆ. ಕೊಳೆತ ಹಲಗೆಯ ಮೇಲೆ ದಪ್ಪನೆಯ ರಬ್ಬರ್ ಹಾಸಿದ ವಾಹನವನ್ನು ಬರಿಯ ಹಲಗೆಯ ವಾಹನಕ್ಕಿಂತ ಅಪಾಯಕಾರಿಯೆಂದೇ ನಾವು ಎಣಿಸುತ್ತೇವೆ. ಬರಿಯ ಹಲಗೆ ತನ್ನ ಸ್ಥಿತಿಯನ್ನು ತೋರಿಸುತ್ತದೆ, ಚಾಪೆ ಅದನ್ನು ಮುಚ್ಚುತ್ತದೆ.

ಮುಚ್ಚಿದರೆ ಏನಾದೀತು ಎನ್ನುವವರಿಗೆ ಒಂದು ಮಾತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಕುದುರೆ ಒಯ್ಯುವುದು ಮನೆಮನೆಯ ವಾಡಿಕೆ. ಅಲ್ಲಿ ಕುದುರೆ ಸಾಕಿದವರೆಲ್ಲರೂ ಬಲ್ಲ ಒಂದು ಅಪಘಾತವಿದೆ: ಓಡುತ್ತಿರುವಾಗಲೇ ತಳದ ಹಲಗೆ ಮುರಿದು ಕುದುರೆಯ ಕಾಲು ರಸ್ತೆಗೆ ಇಳಿಯುವುದು. ಮುಂದೆ ಕಾರಿನಲ್ಲಿ ಕುಳಿತವರಿಗೆ ಕೂಡಲೇ ಏನೂ ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚು ವರ್ಣಿಸುವ ಮನಸ್ಸು ನಮಗಿಲ್ಲ.

ಇಲ್ಲಿಯ ದೊಡ್ಡ ಕುದುರೆ ಲಾರಿಗಳ ಕಥೆ ಸ್ವಲ್ಪ ಬೇರೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಚಳಿಗಾಲದ ರೇಸು, ಪುಣೆಯಲ್ಲಿ ಮಳೆಗಾಲದ ರೇಸು. ಆದ್ದರಿಂದ ವರ್ಷಕ್ಕೆರಡು ಸಲ ನೂರಾರು ಕುದುರೆಗಳು ಘಟ್ಟ ಹತ್ತಿ ಇಳಿಯುತ್ತವೆ. ಬೆಂಗಳೂರು, ಮೈಸೂರು, ಹೈದರಾಬಾದು, ಚೆನ್ನೈಗಳ ರೇಸುಗಳಿಗೂ ಹೀಗೆಯೇ ಓಡಾಟ. ಟೀಪುವಿನ ಕಾಲದ ಅಶ್ವದಳಕ್ಕೆ ಕುದುರೆ ಬೆಳೆಸಿದ ಕುಣಿಗಲ್ಲಿನ ಫಾರಂ ನಮ್ಮ ಕಾಲದಲ್ಲಿ ರೇಸಿನ ಮರಿಗಳನ್ನು ಬೆಳೆಸಿ ಹೀಗೆಯೇ ಲಾರಿಯಲ್ಲಿ ದೂರದೂರುಗಳಿಗೆ ಕಳಿಸಿದೆ. ಬೆಲೆಬಾಳುವ ಕುದುರೆಗಳಾದ್ದರಿಂದ ಇವಕ್ಕೆ ಮೆತ್ತೆ ಕಟ್ಟಿದ ಗೋಡೆ, ಬಿಡಿಬಿಡಿಯಾದ ಗೂಡು, ರಬ್ಬರಿನ ತಳ ಎಲ್ಲ ಇರುತ್ತವೆ. ಆದರೆ ರೇಸಿನ ಕುದುರೆಯ ಲಾಳ ತೆಳ್ಳನೆಯ ಅಲ್ಯೂಮಿನಿಯಮ್ಮಿನದು, ಕಾಲು ಗಾಜಿನಂಥದು. ನಮ್ಮ ಮದುವೆಯ ಕುದುರೆ ಸಹಿಸಿದ ಜಾರುವಿಕೆಯನ್ನು ಅದು ಸಹಿಸಲಾರದು. ಇಂಥ ಲಾರಿಗಳಿಗೆ ನಿಜವಾದ ಕೇಡು ಬರುವುದು ಓಡುವಾಗಲ್ಲ, ನಿಂತಾಗ. ಕೊನೆಯ ಸಾಗಣೆ ಮುಗಿಸಿ ಚಾಪೆ ಎತ್ತದೆ ಬಾಗಿಲು ಹಾಕಿ ನಿಲ್ಲಿಸಿದ ವಾಹನ, ಸಹ್ಯಾದ್ರಿಯ ನಾಲ್ಕು ತಿಂಗಳ ಮಳೆಯ ತೇವದಲ್ಲಿ ಕುಳಿತು, ದೀಪಾವಳಿಯ ಹೊತ್ತಿಗೆ ಮತ್ತೆ ಹೊರಡುತ್ತದೆ. ಒಳಗಿನ ಹಲಗೆಗೆ ಆ ನಾಲ್ಕು ತಿಂಗಳು ಬಿಸಿಲಿಲ್ಲ, ಗಾಳಿಯಿಲ್ಲ. ಮೊದಲ ಕುದುರೆ ಹತ್ತುವ ಮುನ್ನ ಹಲಗೆಗಳನ್ನು ಒತ್ತಿ ನೋಡುವ ಕೆಲಸ ಯಾರದೆಂದು ಕೇಳಿದರೆ ಮಾಲೀಕ ಚಾಲಕನನ್ನು ತೋರಿಸುತ್ತಾನೆ, ಚಾಲಕ ಲಾಯದ ಹುಡುಗನನ್ನು ತೋರಿಸುತ್ತಾನೆ. ಹುಡುಗನಿಗೆ ಕುದುರೆಯ ಮೈ ಉಜ್ಜಲು ಸಂಬಳ ಕೊಟ್ಟಿದ್ದಾರೆ, ಚಾಪೆ ಎತ್ತಲು ಕೊಟ್ಟಿಲ್ಲ.

ಹತ್ತಿ ಇಳಿಯುವ ಹಲಗೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹೆಚ್ಚಿನ ಗಾಯಗಳು ಆಗುವುದು ಓಟದಲ್ಲಲ್ಲ, ಏರಿಳಿತದಲ್ಲಿ ಎಂದು ಆ ಪಶುವೈದ್ಯರ ಅನುಭವ; ನಾವು ಕಂಡದ್ದೂ ಅದನ್ನೇ. ಇಳಿಜಾರಿಗೆ ತೆಂಗಿನ ನಾರಿನ ಒರಟು ಚಾಪೆ, ಅದರ ಮೇಲೆ ಅಡ್ಡಲಾಗಿ ಮರದ ಪಟ್ಟಿಗಳು, ಕೀಲಿನ ಬಳಿ ಗೊರಸು ಇಳಿಯುವಷ್ಟು ಸಂದಿ ಇಲ್ಲದಂತೆ ಒಂದು ರಬ್ಬರಿನ ಮುಚ್ಚಳ, ಇಷ್ಟಕ್ಕೆ ದೊಡ್ಡ ಖರ್ಚಿಲ್ಲ.

ಈ ಲೇಖನದ ಕರಡನ್ನು ಬಳಗದಲ್ಲಿ ಓದಿದಾಗ ಎರಡು ಆಕ್ಷೇಪಗಳು ಬಂದವು. ಮದುವೆಗೆ ಕುದುರೆ ತರಿಸುವುದೇ ತಪ್ಪು, ತಳ ಚೆನ್ನಾಗಿದ್ದರೆ ಹಿಂಸೆ ಒಪ್ಪಿತವಾಗುತ್ತದೆಯೆ ಎಂದರು ಒಬ್ಬರು. 2015ರಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿಯನ್ನು ಕಾನೂನುಬಾಹಿರವೆಂದು ಸಾರಿದ್ದನ್ನು ಅವರು ನೆನಪಿಸಿದರು. ನಮ್ಮಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಆದರೆ ನಾಳೆ ಮದುವೆಯ ಕುದುರೆಗಳು ಪೂರ್ತಿ ನಿಂತರೂ ಕುದುರೆಗಳು ಪ್ರಯಾಣ ಮಾಡುವುದು ನಿಲ್ಲುವುದಿಲ್ಲ. ಜಾತ್ರೆಗೆ, ರೇಸಿಗೆ, ಪೊಲೀಸು ದಳಕ್ಕೆ, ಕಾಯಿಲೆಯಾದಾಗ ಆಸ್ಪತ್ರೆಗೆ ಅವು ಹೋಗಲೇಬೇಕು. ಕುದುರೆಯನ್ನು ರಕ್ಷಿಸಿ ಆಶ್ರಯಧಾಮಕ್ಕೆ ಒಯ್ಯುವ ವಾಹನಕ್ಕೂ ಒಂದು ತಳ ಇದ್ದೇ ಇರುತ್ತದೆ.

ಎರಡನೆಯದು ಹಣದ ಮಾತು. ಎರಡು ಕುದುರೆ ಇಟ್ಟುಕೊಂಡವನು ದುಡಿಯುವುದು ಲಗ್ನದ ತಿಂಗಳುಗಳಲ್ಲಿ, ಮೇವು ಹಾಕಬೇಕಾದದ್ದು ಹನ್ನೆರಡು ತಿಂಗಳು. ಅವನಿಗೆ ಹಲಗೆ, ಚಾಪೆ, ಬೆಸುಗೆ ಎಂದು ಉಪದೇಶ ಮಾಡುವುದು ಸುಲಭ ಎಂದರು ಇನ್ನೊಬ್ಬರು. ಒಪ್ಪಿದೆವು. ಅದಕ್ಕಾಗಿಯೇ ಈ ಬರಹ ಕುದುರೆಯವರನ್ನು ಉದ್ದೇಶಿಸಿದ್ದಲ್ಲ. ಅವರು ಕನ್ನಡದ ಬ್ಲಾಗು ಓದುವುದೂ ಇಲ್ಲ. ಬಾಡಿಗೆ ಕೊಡುವವರನ್ನು, ಎಂದರೆ ನಮ್ಮನ್ನೇ ಉದ್ದೇಶಿಸಿದ್ದು. ಆ ಮದುವೆಯಲ್ಲಿ ಹೂವಿನ ಕಮಾನಿಗೆ ಕೊಟ್ಟ ಹಣದಲ್ಲಿ ಆ ಟೆಂಪೊದ ತಳವನ್ನು ಪೂರ್ತಿ ಹೊಸದು ಮಾಡಿಸಬಹುದಿತ್ತೆಂದು ಮಾಮ ಲೆಕ್ಕ ಹಾಕಿ ತೋರಿಸಿದರು. ಕುದುರೆ ಗೊತ್ತುಮಾಡುವ ಮುನ್ನಾದಿನ ಅದು ಬರುವ ವಾಹನವನ್ನು ನೋಡುತ್ತೇವೆ, ಚಾಪೆ ಎತ್ತಿ ತೋರಿಸಿ ಎಂದು ಕೇಳಿದರೆ ಕುದುರೆಯವನು ಮೊದಲು ವಿಚಿತ್ರವಾಗಿ ನೋಡುತ್ತಾನೆ. ನಾಲ್ಕು ಜನ ಕೇಳಿದ ಮೇಲೆ ಐದನೆಯವರು ಕೇಳುವ ಮೊದಲೇ ತಾನಾಗಿ ಎತ್ತಿ ತೋರಿಸುತ್ತಾನೆ. ಸರಿಯಾದ ತಳವಿದ್ದರೆ ಐನೂರು ರೂಪಾಯಿ ಹೆಚ್ಚು ಕೊಡಲು ನಮ್ಮಲ್ಲಿ ಯಾರಿಗೂ ಕಷ್ಟವಾಗದು, ಛತ್ರಿಗೆ ಕೊಟ್ಟಿದ್ದೇವಲ್ಲ.

ಆ ಕುದುರೆಯ ಗಾಯ ಯುಗಾದಿಯ ಹೊತ್ತಿಗೆ ಮಾಗಿತು. ಚರ್ಮ ಬಂದಿದೆ, ಕೂದಲು ಪೂರ್ತಿ ಬಂದಿಲ್ಲ. ಅಡ್ಡಪಟ್ಟಿಗಳನ್ನು ಬದಲಿಸಿ ಮೇಲೆ ಮರದ ಹಲಗೆ ಹಾಕಿಸಿದ್ದಾನೆ, ಖರ್ಚಿನಲ್ಲಿ ಅರ್ಧ ಬಳಗದ್ದು. ಕಳೆದ ಭಾನುವಾರ ನಾವು ಐದಾರು ಮಂದಿ ನೋಡಲು ಹೋಗಿದ್ದೆವು. ಕುದುರೆಯನ್ನು ಹತ್ತಿಸಿ ತೋರಿಸಿದ. ಅದು ಹಲಗೆಯ ಬುಡದಲ್ಲಿ ಬಹಳ ಹೊತ್ತು ನಿಂತಿತು, ಎಳೆದರೂ ಬರಲಿಲ್ಲ. ಮಾಮ ಹಗ್ಗ ಸಡಿಲಿಸಲು ಹೇಳಿದರು. ಆಮೇಲೆ ತಾನಾಗಿಯೇ ಒಂದು ಮುಂಗಾಲನ್ನು ರಬ್ಬರಿನ ಮೇಲಿಟ್ಟು, ಎತ್ತಿ, ಇನ್ನೊಮ್ಮೆ ಬಡಿದು ನೋಡಿ, ಒಳಗೆ ಹೋಯಿತು. ಚಾಪೆ ಹಿಂಬದಿಯಲ್ಲಿ ಒಂದು ಗೇಣು ಮೋಟಾಗಿದೆ. ಇನ್ನೊಂದು ತುಂಡು ಕತ್ತರಿಸಿ ಸೇರಿಸುವುದಾಗಿ ಹೇಳಿದ್ದಾನೆ. ಮುಂದಿನ ವಾರ ನೋಡಿಬರಬೇಕು.